ಮೌಶಿಯ ಸೈಲೆನ್ಸರ್

ನನ್ನ ಮೌಶಿಗೆ, ಎಂದರೆ ಅವ್ವನ ತಂಗಿಗೆ, ಈ ಲೋಕದಲ್ಲಿ ಸಹಿಸಲಾಗದ ಸಂಗತಿಗಳು ಎರಡೇ ಎರಡು. ಒಂದು ತಪ್ಪು ಕನ್ನಡ, ಇನ್ನೊಂದು ಸದ್ದು. ಮದುವೆಯ ಮರುದಿನವೇ ದೇವರು ಅಂಥವಳನ್ನು ಮುಂಬಯಿಗೆ ಕಳಿಸಿಬಿಟ್ಟ! ದೇವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ವಾದ ಮಾಡುವವರು ಯಾರಾದರೂ ಇದ್ದರೆ ಅವರನ್ನು ನಾನು ವಡಾಲಕ್ಕೆ ಕರೆದೊಯ್ದು ಮೌಶಿಯ ಬಾಲ್ಕನಿಯಲ್ಲಿ ನಿಲ್ಲಿಸುತ್ತೇನೆ. ಒಂದು ಕಡೆ ಹಾರ್ಬರ್ ಲೈನಿನ ಲೋಕಲ್, ಇನ್ನೊಂದು ಕಡೆ ಬಂದರಿನಿಂದ ಬರುವ ಕಂಟೇನರ್ ಲಾರಿಗಳು, ತಲೆಯ ಮೇಲೆ ವಿಮಾನ, ಕೆಳಗೆ ಕಂಪೌಂಡಿನಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರವಾಲಾನ ಕೂಗು. ಇವೆಲ್ಲದರ ನಡುವೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಕನ್ನಡ ಪೇಪರಿನಲ್ಲಿ ಕಾಗುಣಿತದ ತಪ್ಪುಗಳಿಗೆ ಪೆನ್ನಿನಿಂದ ಸುತ್ತು ಹಾಕುತ್ತ ಕೂತ ನನ್ನ ಮೌಶಿ.

ಮೌಶಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದಳು. ಮಕ್ಕಳು ಬರುವುದು ಕಡಿಮೆಯಾಗಿ ಶಾಲೆಯ ಕನ್ನಡ ವಿಭಾಗ ಮುಚ್ಚಿಹೋಯಿತು. ಮೌಶಿ ಮುಚ್ಚಲಿಲ್ಲ! ಕಾಯಿಪಲ್ಲೆ ಮಾರುವ ಕಲಬುರ್ಗಿ ಕಡೆಯ ಹೆಣ್ಣುಮಗಳು 'ಬದನಿಕಾಯಿ' ಎಂದರೆ ಸಾಕು, "ಬದನೆಕಾಯಿ ಅನ್ನು, ಆಮ್ಯಾಲ ತೂಕ ಹಾಕು" ಎಂದು ತಡೆಯುತ್ತಾಳೆ. ತಾನು ಆಡುವುದು ಮಾತ್ರ ಅಪ್ಪಟ ಗದಗಿನ ಮಾತು. ಅದೇನು ಮೌಶಿ ಎಂದರೆ, "ನಾ ಮಾತಾಡೂದು ಮನೀ ಭಾಷಾ, ನಾ ತಿದ್ದೂದು ಸಾಲೀ ಭಾಷಾ. ಎರಡೂ ಬ್ಯಾರೆ ಬ್ಯಾರೆ ಖಾತೆ" ಎನ್ನುತ್ತಾಳೆ.

ಇಂಥ ನನ್ನ ಮೌಶಿ ವಡಾಲದ ಆ ಇಡೀ ಕಾಲೊನಿಯಲ್ಲಿ ಅತ್ಯಂತ ಹೆಚ್ಚು ಸದ್ದು ಮಾಡುವ ವಸ್ತುವಿನ ಒಡತಿಯಾಗಿದ್ದಳೆಂದರೆ ನೀವು ನಂಬಬೇಕು. ಅದೊಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೇಲಿನ ಟೊಪ್ಪಿ ಬೇಕೆಂದಾಗ ತೆಗೆಯಬಹುದು. ಬೇಕೆಂದಾಗ ಹಾಕಲು ಬರುವುದಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಬೆಕ್ಕು ಅದರಡಿ ಮಲಗಲು ಹೋಗಿ, ಯೋಚಿಸಿ, ವಾಪಸು ಬರುತ್ತಿತ್ತು.

ಕಾರು ನಿಜಕ್ಕೂ ಮೌಶಿಯದಲ್ಲ, ಅವಳ ಮಗ ವಿನೂನದು. ವಿನೂ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಸಿನಿಮಾ ಶೂಟಿಂಗಿಗೆ ಗಾಡಿಗಳನ್ನು ಬಾಡಿಗೆ ಕೊಡುತ್ತಿದ್ದ ಮನುಷ್ಯನೊಬ್ಬನಿಂದ ಅದನ್ನು ಕೊಂಡಿದ್ದ. ಅದರಲ್ಲಿ ಕೂತು ಹೀರೋಗಳು ಹಾಡು ಹಾಡಿದ್ದರಂತೆ. ಹಾಡುವಾಗ ಹಿಂದಿನಿಂದ ಕೂಲಿಗಳು ನೂಕುತ್ತಿದ್ದರಂತೆ! ಅಂಥ ನಿರ್ಜೀವ ಗಾಡಿಗೆ ಜೀವ ತರುತ್ತೇನೆಂದು ವಿನೂ ರವಿವಾರಗಳನ್ನೆಲ್ಲ ಅದರಡಿ ಕಳೆದ. ಮದುವೆಯ ಮಾತು ಬಂದಾಗಲೂ ಅದರಡಿಯೇ ಇದ್ದ. ಹೆಣ್ಣಿನ ಕಡೆಯವರು ಬಂದರೆ ಮೌಶಿ ಬಾಲ್ಕನಿಯಿಂದ ತೋರಿಸುತ್ತಿದ್ದಳು: "ಅಗೋ, ಆ ಎರಡು ಕಾಲು ಕಾಣಸ್ತಾವಲ್ಲ, ಅವು ನಮ್ಮ ಹುಡುಗಂದು." ಕಡೆಕಡೆಗೆ ಅವಳು ಮಗನ ಮುಖ ನೋಡಿದ್ದಕ್ಕಿಂತ ಕಾಲು ನೋಡಿದ್ದೇ ಹೆಚ್ಚು.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ವಿನೂಗೆ ಜ್ವರ ಬಂತು. ಮುಂಬಯಿಯಲ್ಲಿ ಮಳೆಗಾಲದ ಜ್ವರ ಯಾರಿಗೆ ಬರುವುದಿಲ್ಲ? ಗುಳಿಗೆ ನುಂಗಿ ಕೆಲಸಕ್ಕೆ ಹೋದ. ಮರುದಿನ ತಾನೇ ಆಸ್ಪತ್ರೆಗೆ ನಡೆದು ಹೋದ. ವಾಪಸು ನಡೆದು ಬರಲಿಲ್ಲ. ಇದನ್ನು ಇನ್ನೂ ಉದ್ದಕ್ಕೆ ಬರೆಯಲು ನನಗೆ ಆಗುವುದಿಲ್ಲ. ನಾನೂ ಅವನೂ ಒಂದೇ ವಾರಿಗೆಯವರು. ಅವನು ನನಗೆ ತಮ್ಮ ಎನ್ನುತ್ತಿದ್ದ, ನಾನು ಅವನಿಗೆ ತಮ್ಮ ಎನ್ನುತ್ತಿದ್ದೆ. ಯಾರು ದೊಡ್ಡವರೆಂಬುದು ತೀರ್ಮಾನವಾಗದೆಯೇ ಉಳಿಯಿತು.

ಮೌಶಿಯ ಗಂಡ ಕಾಕಾ ಎಂದೋ ತೀರಿಕೊಂಡಿದ್ದ. ಈಗ ಮನೆಯಲ್ಲಿ ಮೌಶಿ, ಕೆಳಗೆ ಟಾರ್ಪಾಲಿನಡಿ ಕಾರು. ಬ್ಯಾಟರಿ ಸಾಯಬಾರದೆಂದು ನಾನು ಪ್ರತಿ ರವಿವಾರ ಡೊಂಬಿವಲಿಯಿಂದ ಬಂದು ಅದನ್ನು ಚಾಲೂ ಮಾಡುತ್ತಿದ್ದೆ. ಆಗ ಹೊರಡುತ್ತಿದ್ದ ಸದ್ದು! ಎಲ್ಲೋ ಸೈಲೆನ್ಸರಿನ ಪೈಪು ಸೋರುತ್ತಿತ್ತು. ಮೊದಲು ಫಟ್ ಎಂದು ಒಂದು ಪಟಾಕಿ, ಅನಂತರ ಗುಡುಗು, ಅದರೊಳಗೆ ಹಾವಿನ ಬುಸುಬುಸು. ಪಾರಿವಾಳಗಳು ಎದ್ದು ಹಾರುತ್ತಿದ್ದವು. ಬಿಲ್ಡಿಂಗಿನ ಮಕ್ಕಳು "ಹೆಲಿಕಾಪ್ಟರ್, ಹೆಲಿಕಾಪ್ಟರ್" ಎಂದು ಕುಣಿಯುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ಶೆಟ್ಟರು ಲುಂಗಿ ಕಟ್ಟಿಕೊಳ್ಳುತ್ತಲೇ ಕೆಳಗೆ ಧಾವಿಸುತ್ತಿದ್ದರು.

"ಟೀಚರೇ, ಎಂತ ಸೌಂಡ್ ಮಾರಾಯ್ರೆ ಇದು! ಮೂರನೇ ಮಾಳಿಗೆಯ ಅಜ್ಜನಿಗೆ ಎದೆ ಡಬಡಬ ಅಂತದಂತೆ."

ಮೌಶಿ ಕಿವಿಯ ಹತ್ತಿ ತೆಗೆದು ಮೇಲಿನಿಂದಲೇ ಹೇಳುತ್ತಿದ್ದಳು: "ಅಂತದಂತೆ ಅಲ್ಲ ಶೆಟ್ಟರ, ಅನ್ನುತ್ತದಂತೆ."

ಸದ್ದು ಕೇಳಿದರೆ ತಲೆ ನೋಯಿಸಿಕೊಳ್ಳುವ ಮೌಶಿ ಇದೊಂದು ಸದ್ದಿಗೆ ಮಾತ್ರ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಬಾಲ್ಕನಿಯ ಕಟಕಟೆ ಹಿಡಿದು ನಿಂತು, ನಾನು ಬಂದ್ ಮಾಡುವವರೆಗೂ ಕೇಳಿ, ಒಳಗೆ ಹೋಗುತ್ತಿದ್ದಳು.

ಹೀಗೇ ನಡೆದಿರುತ್ತಿತ್ತೇನೋ. ಆದರೆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಗಗನಕ್ಕೆ ಏರಿಸುತ್ತಾರಂತೆ. ಅಲ್ಲಿಯವರೆಗೆ ಎಲ್ಲರೂ ಬಾಡಿಗೆ ಮನೆಗೆ. ಜನರಿಗೇ ಜಾಗವಿಲ್ಲದ ಊರಿನಲ್ಲಿ ಕಾರಿಗೆ ಎಲ್ಲಿಯ ಜಾಗ? ಮಾರಲೇಬೇಕಾಯಿತು. ಈ ಮಾತನ್ನು ಮೌಶಿಗೆ ಯಾರು ಹೇಳುವುದೆಂದು ಬಂಧುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅವಳೇ ಹೇಳಿದಳು: "ಗಿರಾಕಿ ನೋಡ್ರಿ. ನಾ ಏನ ಅಳಂಗಿಲ್ಲ."

ವಿಕ್ರೋಳಿಯ ಕಡೆಯಿಂದಲೇ ಒಬ್ಬ ಹುಡುಗ ಬಂದ. ವಿನೂನ ಕಾರ್ಖಾನೆಯವನಲ್ಲ, ಬೇರೆ ಆಫೀಸು. ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಕಣ್ತುಂಬ ನೋಡಿದ. ನಾನು ಚಾಲೂ ಮಾಡಿದೆ. ಕಿವಿ ಮುಚ್ಚಿಕೊಂಡ!

"ಎಕ್ಸಾಸ್ಟ್ ಲೀಕ್ ಇದೆ ಆಂಟಿ. ಪರವಾಗಿಲ್ಲ, ರೇಟು ಸ್ವಲ್ಪ ಕಡಿಮೆ ಮಾಡಿ, ಹೀಗೇ ತಗೋತೀನಿ" ಎಂದ.

ಮೌಶಿ ಕನ್ನಡಕ ಸರಿಪಡಿಸಿಕೊಂಡಳು. "ಹಿಂಗs ಕೊಡಂಗಿಲ್ಲಪಾ. ನನ್ನ ಮಗನ ಗಾಡಿ ಕಮ್ಮಿ ಮಾರ್ಕ್ಸ್ ತಗೊಂಡು ಪಾಸಾಗೂದು ಬ್ಯಾಡ. ರಿಪೇರಿ ಮಾಡಿಸಿ ಫೋನ್ ಮಾಡ್ತೀನಿ."

ರಿಪೇರಿ! ಆ ಕಾರು ಮಾಡಿದ ಕಂಪನಿಯೇ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೆ ಮೌಶಿ ಮೊದಲ ಹೆಜ್ಜೆ ಇಟ್ಟದ್ದು ಗ್ಯಾರೇಜಿಗಲ್ಲ, ಅಡಿಗೆಮನೆಗೆ. ಒಳಗೆ ಹೋಗಿ ಶೇಂಗಾ ಎಣ್ಣೆಯ ಖಾಲಿ ಡಬ್ಬಿ ತಂದಳು. "ನಮ್ಮ ಊರಾಗ ತಗಡಿನ ಮನೀ ಸೋರಿದ್ರ ಏನ್ ಮಾಡ್ತಿದ್ವಿ? ಇನ್ನೊಂದ ತಗಡು. ಪೈಪಿಗೂ ಅದ ನ್ಯಾಯ." ನಾನು ವಿನೂನಂತೆಯೇ ಗಾಡಿಗೆ ಜಾಕ್ ಕೊಟ್ಟು, ಬೆನ್ನ ಮೇಲೆ ಮಲಗಿ ಕೆಳಗೆ ಸರಿದೆ. ಮೌಶಿ ಮೇಲೆ ನಿಂತು ನಿರ್ದೇಶನ ಕೊಟ್ಟಳು. ನಲ್ಲಿ ಸೋರಿದರೆ ಹಚ್ಚುವ ಹಿಟ್ಟಿನಂಥ ಸೀಲು ನಾದಿದ್ದು ಅವಳೇ, ಚಪಾತಿಯ ಹದಕ್ಕೆ. ಸೋರುತ್ತಿದೆಯೆಂದು ಅನುಮಾನವಿದ್ದ ಜಾಗಕ್ಕೆ ಹಿಟ್ಟು ಮೆತ್ತಿ, ಮೇಲೆ ತಗಡು ಸುತ್ತಿ, ಪಟ್ಟಿ ಬಿಗಿದೆವು.

ಚಾಲೂ ಮಾಡಿದಾಗ ಸದ್ದು ಕಡಿಮೆಯಾಗಿತ್ತು! ಮೌಶಿ ಗೆದ್ದ ನಗೆ ನಕ್ಕು ಶೆಟ್ಟರನ್ನು ಕರೆದಳು. ಶೆಟ್ಟರು ಬಂದು, ಬಗ್ಗಿ, ಕಿವಿಗೊಟ್ಟರು. "ಹೌದು ಟೀಚರೇ, ಈಗ ಒಳ್ಳೆದುಂಟು" ಎಂದರು. ಎನ್ನುತ್ತಿರುವಾಗಲೇ ಸುಟ್ಟ ಕರದಂಟಿನ ವಾಸನೆಯೊಂದು ಎದ್ದಿತು. ಬಿಳಿ ಹೊಗೆ ಬಂತು. ಆಮೇಲೆ ಠಣ್ ಎಂದು ತಗಡು ಹಾರಿ ಶೆಟ್ಟರ ಪಾದದ ಬುಡಕ್ಕೆ ಬಿದ್ದಿತು. ಶೆಟ್ಟರು ಯಕ್ಷಗಾನದ ಊರಿನವರು. ಅಂದು ಅವರು ಹಾಕಿದ ಕುಣಿತ ಕಂಡು ಮಕ್ಕಳು ಚಪ್ಪಾಳೆ ತಟ್ಟಿದವು.

ಎರಡನೆಯ ಪ್ರಯತ್ನ ಅಂಧೇರಿಯ ಕಡೆಯ ಒಂದು ದೊಡ್ಡ ಗ್ಯಾರೇಜಿನಲ್ಲಿ. ಅದು ಗ್ಯಾರೇಜೋ ಫೈವ್ ಸ್ಟಾರ್ ಹೋಟೆಲೋ! ಗಾಜಿನ ಗೋಡೆ, ಎಸಿ, ಸೋಫಾ. ಕಾರನ್ನು ನಾನು ಓಡಿಸಿಕೊಂಡು ಹೋದೆ. ಮೌಶಿ ಬಸ್ಸಿನಲ್ಲಿ ಬಂದಳು. ಆ ಗಾಡಿಯಲ್ಲಿ ಕೂರುವುದಿಲ್ಲವೆಂಬುದು ಅವಳ ಪಟ್ಟು. ಹೊಗೆ ಒಳಗೆ ಬರುತ್ತದೆ, ತಲೆ ಸಿಡಿಯುತ್ತದೆ ಎಂದು ಕಾರಣ.

ಟೈ ಕಟ್ಟಿದ ಹುಡುಗ ಟ್ಯಾಬ್ ಹಿಡಿದು ಬಂದ. "ಆಂಟಿ, ಪೂರಾ ಅಸೆಂಬ್ಲಿ ಚೇಂಜ್ ಕರ್‌ನಾ ಪಡೇಗಾ. ಇಂಪೋರ್ಟ್ ಹೋಗಾ" ಎಂದು ಹಿಂದಿಯಲ್ಲಿ ಶುರುಮಾಡಿದ. ಮೌಶಿಯ ಕಣ್ಣು ಅವನ ಎದೆಯ ಹೆಸರಿನ ಬಿಲ್ಲೆಯ ಮೇಲೆ ನೆಟ್ಟಿತ್ತು.

"ಹಿರೇಮಠ? ನಮ್ಮ ಕಡೆಯಾಂವ ಇದ್ದೀಯಲ್ಲೋ! ಕನ್ನಡ ಬರ್ತದೇನು?"

ಹುಡುಗ ಕೆಂಪಗಾದ. "ಸಮಜ್ತದ ಆಂಟಿ... ಬಟ್ ಬೋಲ್ನೆಕ್ಕೆ ಬರಲ್ಲ."

"ಒಂದು ವಾಕ್ಯದಾಗ ಮೂರು ಭಾಷಾ!" ಮೌಶಿ ಹಣೆ ಹಿಡಿದುಕೊಂಡಳು. "ಇರಲಿ. ನನಗ ಒಂದ ಹೇಳು. ಪೈಪಿನಾಗ ಸಣ್ಣ ತೂತು ಬಿದ್ದದ. ಅದಕ್ಕ ಎಲ್ಲಾ ಬದಲ್ ಮಾಡಬೇಕು ಅಂತೀಯಲ್ಲ, ಹಲ್ಲು ನೋಯ್ತದ ಅಂತ ಬಂದಾವರಿಗೆ ನೀವು ತಲೀನ ಬದಲ್ ಮಾಡ್ತೀರೇನು?"

ಹುಡುಗ ಟ್ಯಾಬಿನಲ್ಲಿ ಏನೋ ಒತ್ತಿ ನಮ್ಮ ಕಡೆ ತಿರುಗಿಸಿದ. ಅಲ್ಲಿದ್ದ ಮೊತ್ತವನ್ನು ಮೌಶಿ ಬಲದಿಂದ ಎಡಕ್ಕೆ ಬಿಡಿ, ಹತ್ತು, ನೂರು ಎಂದು ಓದುತ್ತ ಹೋಗಿ, ನಡುವೆಯೇ ನಿಲ್ಲಿಸಿ, ಎದ್ದುಬಿಟ್ಟಳು. ಎಸಿಯಲ್ಲೂ ನಾನು ಬೆವತಿದ್ದೆ. ಹೊರಗೆ ಬಂದಾಗ ಆ ಹಿರೇಮಠನೇ ಓಡಿಬಂದು ತಗ್ಗಿದ ದನಿಯಲ್ಲಿ ಹೇಳಿದ: "ಆಂಟಿ, ಧಾರಾವಿಗೆ ಹೋಗಿ. ಸಸ್ತಾದಲ್ಲಿ ಆಗ್ತದ. ನನ್ನ ಪಪ್ಪಾನ ಗಾಡಿ ಅಲ್ಲೇ ಮಾಡಿಸ್ತೀನಿ."

ಆ ಮಾತಿನಲ್ಲಿ ಮೌಶಿ ಒಂದೂ ತಪ್ಪು ತೆಗೆಯಲಿಲ್ಲ.

ನೆಲಕ್ಕೆ ಅಂಟಿದಂಥ ಕಾರನ್ನು ಧಾರಾವಿಯೊಳಗೆ ಒಯ್ಯುವುದೆಂದರೆ ಆನೆಯನ್ನು ಸೂಜಿಯ ಕಣ್ಣಲ್ಲಿ ತೂರಿಸಿದಂತೆ. ಪ್ರತಿ ಸ್ಪೀಡ್ ಬ್ರೇಕರಿಗೂ ಜನ ಕೂಡುತ್ತಿದ್ದರು. "ತಿರ್ಛಾ ಲೇ, ತಿರ್ಛಾ ಲೇ!" ಎಂದು ಓರೆಯಾಗಿ ಹತ್ತಿಸಲು ಕೂಗುವವ ಒಬ್ಬ, "ಉಠಾವ್ ರೇ!" ಎಂದು ಎತ್ತಲು ಬರುವವ ಇನ್ನೊಬ್ಬ. ಒಂದು ಕಡೆಯಂತೂ ಚರ್ಮದ ಚೀಲ ಹೊಲಿಯುತ್ತಿದ್ದವರು ಕೆಲಸ ಬಿಟ್ಟು ಬಂದು, ಮದುಮಗನ ಕುದುರೆಯಂತೆ ಗಾಡಿಯನ್ನು ಸುತ್ತುವರಿದು ದಾಟಿಸಿಕೊಟ್ಟರು. ಮೌಶಿ ಬಸ್ಸಿಳಿದು ನನಗಿಂತ ಮೊದಲೇ ಬಂದು ನಿಂತಿದ್ದಳು, ಕಿವಿಯಲ್ಲಿ ಹತ್ತಿ, ಕೈಯಲ್ಲಿ ಕೊಡೆ.

ಸೈಲೆನ್ಸರ್ ರಿಪೇರಿಯ ಅಂಗಡಿಯ ಮುಂದೆ ಹಳೆಯ ಪೈಪುಗಳು ಒಣಗಿದ ಕಬ್ಬಿನ ಹಾಗೆ ಒರಗಿದ್ದವು. ಅಂಗಡಿಯವನನ್ನು ಎಲ್ಲರೂ ಅಬ್ಬಾಸ್ ಚಾಚಾ ಎನ್ನುತ್ತಿದ್ದರು. ಕೆಲಸಕ್ಕಿಂತ ಮಾತು ದೊಡ್ಡದು. ಮುಂಬಯಿಯಲ್ಲಿ ಓಡುವ ಗಾಡಿಗಳೆಲ್ಲ ತನ್ನ ಕೈದಯೆಯಿಂದಲೇ ಉಸಿರಾಡುತ್ತಿವೆ ಎಂಬ ಧಾಟಿ. ಮೌಶಿಯ ಮಾತಿನ ರಾಗ ಕೇಳಿದ್ದೇ ಅವನ ಹಿಂದಿ ಬಿದ್ದುಹೋಯಿತು.

"ಯಾವೂರ್ರೀ ಅಮ್ಮಾ ನಿಮ್ದು?"

"ಗದಗ."

"ಹೌದೇನ್ರೀ! ನಮ್ದು ಸಿಂದಗಿರೀ, ಬಿಜಾಪುರ. ಬರ್ರಿ, ಕೂಡ್ರಿ. ಏ, ಅಮ್ಮಗ ಚಾ ಹೇಳ್ರೋ!" ಎಂದು ಸ್ಟೂಲು ಒರೆಸಿ ಇಟ್ಟ. ಗಾಡಿಯ ಸದ್ದು ಒಮ್ಮೆ ಕೇಳಿ, "ಪೈಪಿನಾಗ ತೂತ್ ಬಿದ್ದದರೀ" ಎಂದು ತೀರ್ಪು ಕೊಟ್ಟ.

"ತೂತು ಅನಬ್ಯಾಡ್ರಿ. ರಂಧ್ರ ಅನ್ರಿ."

ಚಾಚಾ ಗಡ್ಡ ಕೆರೆದುಕೊಂಡ. "ರಂಧ್ರ ಅಂದ್ರ ರೇಟ್ ಜಾಸ್ತಿ ಆಗ್ತದ್ರೀ ಅಮ್ಮಾ. ತೂತ್ ಅಂದ್ರ ಸಸ್ತಾ."

ಮೌಶಿ ನಕ್ಕಳು. ವಿನೂ ಹೋದ ಮೇಲೆ ಅವಳು ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಚಾಚಾ ಜಾಕ್ ಹಚ್ಚಿ, ಕಟ್ಟಿಗೆಯ ದಿಮ್ಮಿಗಳನ್ನು ಕೊಟ್ಟು ಗಾಡಿಯನ್ನು ಎತ್ತರಿಸಿದ. ಹೊಗೆ ಹೊರಬರುವ ಬಾಯಿಗೆ ಚಿಂದಿ ತುರುಕಿ, ಪೈಪಿನ ಉದ್ದಕ್ಕೂ ಸೋಪಿನ ನೀರು ಸುರಿದು, ಚಾಲೂ ಮಾಡಲು ಹೇಳಿದ. ಒಂದು ಜೋಡಣೆಯ ಹತ್ತಿರ ಗುಳ್ಳೆ ಎದ್ದವು. "ಸಿಕ್ತು ಕಳ್ಳ!" ಎಂದು ಕೂಗಿ ಬೋಲ್ಟ್ ಬಿಚ್ಚಿದ, ನಡುವಿನ ಸುಟ್ಟ ವಾಷರ್ ತೆಗೆದ, ಅದೇ ಆಕಾರದ ಹೊಸತನ್ನು ಕತ್ತರಿಸಿ ಕೂರಿಸಿದ, ಕೈ ಒರೆಸಿಕೊಂಡು, ಸುತ್ತ ನೆರೆದವರಿಗೆಲ್ಲ ಕೇಳುವಂತೆ, "ಈಗ ನಿಮ್ಮ ಗಾಡಿ ಮಲಗಿದ ಕೂಸಿನಂಗ ಉಸರ ಆಡ್ತದ ನೋಡ್ರಿ" ಎಂದ.

ನಾನು ಕೀಲಿ ತಿರುಗಿಸಿದೆ. ಫಟ್! ಗುಡುಗು! ಬುಸುಬುಸು!

ಎದುರಿನ ಅಂಗಡಿಯವರು ಕೇಕೆ ಹಾಕಿ ನಕ್ಕರು. ಚಾಚಾನ ಮುಖ ಇಷ್ಟೇ ಇಷ್ಟಾಯಿತು. "ಇದು ಗಾಡಿ ಅಲ್ಲರೀ, ಜಿನ್ನು" ಎಂದು ಗೊಣಗುತ್ತ ಮತ್ತೆ ಕೆಳಗೆ ಸರಿದ. ಬಹಳ ಹೊತ್ತು ತಡಕಾಡಿದ. ಟಾರ್ಚು ಬೇಡಿದ. ಇಂಜಿನ್ನಿನ ಕೆಳಗೆ, ಶಾಖ ತಡೆಯುವ ತಗಡೊಂದರ ಮರೆಯಲ್ಲಿ ಪೈಪು ಬಾಗುವಲ್ಲಿ ಅವನಿಗೆ ಏನೋ ಕಂಡಿತು. ತಗಡು ಬಿಚ್ಚಿದ. ಅಡಿಯಿಂದಲೇ ಅವನ ದನಿ ಬಂತು:

"ಅಯ್ಯಯ್ಯೋ! ಪೈಪ್ ಮೊದಲs ಒಡದಿತ್ತು, ಯಾರೋ ವೆಲ್ಡಿಂಗ್ ಮಾಡ್ಯಾರ. ಹಿಂಗ ಮಾಡ್ತಾರೇನ್ರೀ ಯಾರರೆ? ಒಂದ ಕಡೆ ಗಂಟು, ಒಂದ ಕಡೆ ತೂತು. ಯಾವ ಕತ್ತೆ ಮಗ ಮಾಡ್ಯಾನ್ರೀ ಇದನ್ನ?"

ಮೌಶಿ ಸ್ಟೂಲಿನಿಂದ ಎದ್ದಳು. ಕೊಡೆ ಊರಿಕೊಂಡು ಗಾಡಿಯ ಹತ್ತಿರ ಹೋಗಿ ಬಗ್ಗಿದಳು.

"ಆ ಕತ್ತೆ ನಾನೇರಿ. ಅದನ್ನ ಮಾಡಿದಾಂವ ನನ್ನ ಮಗ."

ಚಾಚಾ ತಡಬಡಿಸಿ ಹೊರಗೆ ಬಂದ. "ತಪ್ಪ ತಿಳೀಬ್ಯಾಡ್ರಿ ಅಮ್ಮಾ. ಬಾಯಿ ತಪ್ಪಿ ಬಂತು. ಕರೀರಿ ನಿಮ್ಮ ಮಗನ್ನ, ನಾ ಕಲಸ್ತೀನಿ ವೆಲ್ಡಿಂಗ್. ಎಲ್ಲಿ ಇದ್ದಾರ, ಏನ್ ಮಾಡ್ತಾರ? ದುಬೈ ಏನ್ರಿ?"

"ಇಂಜಿನಿಯರ್ ಇದ್ದಾನ" ಎಂದಳು ಮೌಶಿ. ಆಮೇಲೆ, "ಇದ್ದ" ಎಂದಳು.

ನಮ್ಮ ಮನೆಯಲ್ಲಿ ಅಷ್ಟು ದಿನ ಆ ಕ್ರಿಯಾಪದದ ಹತ್ತಿರ ಯಾರೂ ಹೋಗಿರಲಿಲ್ಲ. ವಿನೂನ ಬಗ್ಗೆ ಮಾತಾಡುವಾಗ ಮೌಶಿ ವರ್ತಮಾನ ಬಿಟ್ಟು ಕದಲುತ್ತಿರಲಿಲ್ಲ. "ವಿನೂಗ ಉಪ್ಪಿಟ್ಟು ಸೇರಂಗಿಲ್ಲ," "ವಿನೂ ಸಿಟ್ಟಿನಾಂವ." ಜಗತ್ತಿನ ವ್ಯಾಕರಣವನ್ನೆಲ್ಲ ತಿದ್ದುವವಳ ಈ ಒಂದು ತಪ್ಪನ್ನು ತಿದ್ದುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಈಗ ಧಾರಾವಿಯ ಬೀದಿಯಲ್ಲಿ, ಮೊದಲ ಬಾರಿ ಕಂಡ ಮನುಷ್ಯನೆದುರು, ಅವಳು ತಾನೇ ತಿದ್ದಿಕೊಂಡಿದ್ದಳು.

ಚಾಚಾ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಅವನು ಗ್ರೀಸಿನ ಕೈಯನ್ನೇ ಎದೆಯ ಮೇಲೆ ಇಟ್ಟುಕೊಂಡು ಏನೋ ಪಿಸುಗುಟ್ಟಿದ. ಚಾ ಬಂತು. ಯಾರೂ ಮುಟ್ಟಲಿಲ್ಲ.

ಕೊನೆಗೆ ಅವನೇ ಮೆಲ್ಲಗೆ ಹೇಳಿದ: "ಅಮ್ಮಾ, ಅಷ್ಟ ಭಾಗ ಕತ್ತರಿಸಿ ತಗದು, ಬ್ಯಾರೆ ಪೈಪ್ ಹಾಕಿಬಿಡ್ತೀನಿ. ಅರ್ಧಾ ತಾಸಿನ ಕೆಲಸ."

"ಕತ್ತರಿಸಬ್ಯಾಡ್ರಿ."

"ಕತ್ತರಿಸಲಿಲ್ಲಂದ್ರ ಸೋರೂದು ಹ್ಯಾಂಗ ನಿಲ್ಲಬೇಕ್ರೀ? ಅದ ವೆಲ್ಡಿಂಗನs ಸೋರಾಕತ್ತದ."

"ಗೊತ್ತದ. ಕತ್ತರಿಸಬ್ಯಾಡ್ರಿ ಅಂದೆ."

ಶಾಲೆಯಲ್ಲಿ ಅದೆಷ್ಟು ಮಕ್ಕಳ ತಪ್ಪಿನ ಮೇಲೆ ಕೆಂಪು ಗೆರೆ ಎಳೆದ ಕೈ ಅದು! ಈಗ ಕೊಡೆಯ ಹಿಡಿಯನ್ನು ಅಮುಕಿ ಹಿಡಿದಿತ್ತು. ನಾನು, "ಮೌಶಿ, ಬ್ಯಾರೆ ದಾರಿ ಇಲ್ಲ" ಎನ್ನಲು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳಲಿಲ್ಲ. ಆ ಪೈಪನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಚಾಚಾನನ್ನು ಕೇಳಿದಳು:

"ನಿಮ್ಮ ಮನ್ಯಾಗ ಕೌದಿ ಅದಾವೇನು?"

"ಇದ್ದುವರೀ. ನಮ್ಮ ಅವ್ವ ಹೊಲೀತಿದ್ದಳು."

"ಕೌದಿಯೊಳಗ ಹಳೇ ಸೀರಿ ಹರದಿರ್ತದ. ಅದನ್ನ ಕತ್ತರಿಸಿ ಒಗೀತಾರೇನು? ಒಳಗs ಇರ್ತದ. ಮ್ಯಾಲ ಗಟ್ಟಿ ಅರಿವಿ ಇಟ್ಟು ಸುತ್ತೂ ಹೊಲೀತಾರ. ಹಂಗ ಮಾಡ್ರಿ."

ಚಾಚಾ ಮೊದಲು, "ಕಬ್ಬಿಣ ಅರಿವಿ ಅಲ್ಲರೀ ಅಮ್ಮಾ. ವೆಲ್ಡಿಂಗ್ ಮ್ಯಾಲ ವೆಲ್ಡಿಂಗ್ ಹಿಡಿಯಂಗಿಲ್ಲ" ಎಂದ. ಆಮೇಲೆ ಎದ್ದ. ಒರಗಿಸಿದ್ದ ಪೈಪುಗಳಲ್ಲಿ ಸ್ವಲ್ಪ ದಪ್ಪನೆಯದೊಂದನ್ನು ಎಳೆದ. ಅಳತೆ ನೋಡಿದ. ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ. ಬಾಗಿದ ಜಾಗಕ್ಕೆ ಒಗ್ಗುವಂತೆ ಬಡಿದು ಬಗ್ಗಿಸಿದ. ಒಂದು ಹೋಳು ಕೆಟ್ಟಿತು, ಬೈದುಕೊಂಡು ಮತ್ತೊಂದು ಮಾಡಿದ. ವಿನೂನ ವೆಲ್ಡಿಂಗನ್ನು ಮುಟ್ಟದೆ, ಅದರ ಮೇಲೆ ಎರಡೂ ಹೋಳುಗಳನ್ನು ಮುಚ್ಚಿ, ಆಚೆ ಈಚೆ ಪೈಪು ಗಟ್ಟಿಯಿದ್ದಲ್ಲಿ ಸುತ್ತಲೂ ಬೆಸೆದ. ಕಿಡಿ ಹಾರುವಾಗ ಎಲ್ಲರೂ ಕಣ್ಣು ಮುಚ್ಚಿಕೊಂಡೆವು. ಮೌಶಿ ಕೊಡೆ ಅಡ್ಡ ಹಿಡಿದಳು, ತನಗಲ್ಲ, ಗಾಡಿಯ ಬಣ್ಣಕ್ಕೆ.

ಈ ಸಲ ಚಾಚಾ ಏನೂ ಕೊಚ್ಚಿಕೊಳ್ಳಲಿಲ್ಲ. "ಚಾಲೂ ಮಾಡ್ರಿ" ಎಂದಷ್ಟೇ ಹೇಳಿದ.

ಮಾಡಿದೆ. ಪಟಾಕಿ ಇಲ್ಲ, ಗುಡುಗಿಲ್ಲ. ತಗ್ಗಿನ ಗುರುಗುರು ಒಂದು, ದೂರದಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸಿದಂತೆ. ಮೌಶಿ ಕಿವಿಯ ಹತ್ತಿ ತೆಗೆದಳು.

"ಚಾಲೂ ಆಗೇದೇನು?"

"ಆಗ್ಯದ ಮೌಶಿ."

ಚಾಚಾ ಕೇಳಿದ ಮಜೂರಿ ಎಷ್ಟು ಅಗ್ಗವಾಗಿತ್ತೆಂದರೆ ಚೌಕಾಸಿಗೆ ಸಿದ್ಧಳಾಗಿ ಬಂದಿದ್ದ ಮೌಶಿಗೆ ನಿರಾಸೆಯೇ ಆಯಿತು. "ತೂತಿನ ರೇಟ್ ಹಚ್ಚೀನ್ರೀ ಅಮ್ಮಾ, ರಂಧ್ರದ್ದಲ್ಲ" ಎಂದ ಅವನು. ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಮಾರಾಟವಾಯಿತು. ಮುಂದಿನ ವಾರ ವಿಕ್ರೋಳಿಯ ಆ ಹುಡುಗ ಬಂದು, ಕೇಳಿ, ಕುಣಿದಾಡಿ, ಒಯ್ದ. "ಒಳಗ ಒಂದು ತ್ಯಾಪಿ ಅದ. ಚೊಲೋ ಕೂತದ. ಬಿಚ್ಚಿ ನೋಡಲಿಕ್ಕೆ ಹೋಗಬ್ಯಾಡ" ಎಂದು ಮೌಶಿ ಅವನಿಗೆ ಹೇಳಿದಳು. ಗೇಟು ದಾಟುವವರೆಗೆ ನೋಡಿದಳು. ಶೆಟ್ಟರು ಪಕ್ಕದಲ್ಲಿ ನಿಂತಿದ್ದರು. ಹೇಳಿದ್ದಂತೆ ಅವಳು ಅಳಲಿಲ್ಲ. ಈಗ ಅವಳು ಚೆಂಬೂರಿನ ಬಾಡಿಗೆ ಮನೆಯಲ್ಲಿದ್ದಾಳೆ. ಕೆಳಗೆ ಬ್ಯಾಂಡಿನವರ ಅಂಗಡಿ ಇದೆ!

ಆದರೆ ನಾನು ಹೇಳಬೇಕೆಂದದ್ದು ಆ ಮಧ್ಯಾಹ್ನದ ಮಾತು. ಧಾರಾವಿಯಿಂದ ಹೊರಡುವಾಗ ಅವಳು ಬಸ್‌ಸ್ಟಾಪಿನ ಕಡೆ ತಿರುಗುತ್ತಾಳೆಂದು ನಾನು ಕಾದೆ. ಅವಳು ನನ್ನ ಪಕ್ಕದ ಸೀಟಿನ ಬದಿಗೆ ಬಂದು ಬಾಗಿಲು ತೆಗೆದಳು. ಮಣೆಯ ಮೇಲೆ ಕೂರುವಂತೆ ಒಂದು ಕೈ ನೆಲಕ್ಕೆ ಊರಿ, "ಅವ್ವಾ" ಎನ್ನುತ್ತ ಒಳಗೆ ಇಳಿದಳು. ಸೀರೆ ಎಳೆದುಕೊಂಡಳು. ಕೊಡೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾನು ಗೇರ್ ಹಾಕಿದೆ.

ದೊಡ್ಡ ರಸ್ತೆಗೆ ಬಂದ ಮೇಲೆ ಅವಳೇ ಶುರುಮಾಡಿದಳು.

"ರವಿವಾರಕ್ಕೊಮ್ಮೆ ಬಂದು ನಿಂದ್ರತಿದ್ದ. 'ಅವ್ವಾ, ಒಂದ ರೌಂಡ್ ಬಾ, ನಿನಗ ಒಂದ ಕಡೆ ಕರಕೊಂಡ ಹೋಗ್ತೀನಿ.' 'ಈ ಗದ್ದಲದ ಡಬ್ಬ್ಯಾಗ ನಾ ಕೂಡಂಗಿಲ್ಲ, ಮದಲ ಆವಾಜ್ ನಿಂದ್ರಸು' ಅಂತಿದ್ದೆ. ಗೆಳ್ಯಾನ ಕಡೆಯಿಂದ ವೆಲ್ಡಿಂಗ್ ಮಷೀನ್ ತಂದು ತಾನs ಕೂತು ಮಾಡಿದ. ಅವನಿಗೆಲ್ಲಿ ಬರ್ತದ ವೆಲ್ಡಿಂಗ್! ಕೈ ಸುಟಗೊಂಡು ಮ್ಯಾಲೆ ಬಂದ. 'ನಿಂತದ ಅವ್ವಾ, ಈಗ ಬಾ' ಅಂದ. ನಾ ಬಾಲ್ಕನ್ಯಾಗ ನಿಂತು ಕೇಳಿ, 'ಎಲ್ಲೆ ನಿಂತದೋ, ಹಂಗs ಅದ' ಅಂದೆ. 'ಮುಂದಿನ ವಾರ ನೋಡೂಣು' ಅಂದ. ಆ ವಾರನs ಜ್ವರ ಬಂತು."

ಸಿಗ್ನಲ್ ಬಿತ್ತು. ಪಕ್ಕದ ಟ್ಯಾಕ್ಸಿಯವನು ನಮ್ಮ ಗಾಡಿ ನೋಡಿ, ಅದರಲ್ಲಿ ಕೂತ ಮುದುಕಿಯನ್ನು ನೋಡಿ, ಹೆಬ್ಬೆಟ್ಟು ಎತ್ತಿದ. ಅವಳ ಲಕ್ಷ್ಯ ಅತ್ತ ಇರಲಿಲ್ಲ.

"ಎಲ್ಲಿಗೆ ಕರಕೊಂಡ ಹೋಗಾಂವ ಇದ್ದನೋ" ಎಂದಳು. "ನಾ ಕೇಳಲೇ ಇಲ್ಲ."

ನಾನು ಮನೆಯ ಕಡೆ ತಿರುಗಿಸಲಿಲ್ಲ. ಮಾಟುಂಗದ ತೋಟಗಳ ಹತ್ತಿರ, ಮರಗಳ ನೆರಳಲ್ಲಿ ಗಾಡಿ ನಿಧಾನ ಮಾಡಿದೆ. ಅವಳು ಸುತ್ತ ನೋಡಿದಳು. "ಇಲ್ಲಿಗಿರಲಿಕ್ಕಿಲ್ಲ" ಎಂದಳು, "ಇದು ನಾ ದಿನಾ ನೋಡೂದs." ದಾದರಿಗೆ ಹೋದೆ. ಹುಡುಗರು ಕ್ರಿಕೆಟ್ ಆಡುವ ಮೈದಾನದ ಅಂಚಿಗೆ ನಿಲ್ಲಿಸಿದೆ. "ಇಲ್ಲಿಗೂ ಇರಲಿಕ್ಕಿಲ್ಲ." ಮುಂದೆ ವರ್ಲಿ. ಇಳಿಹೊತ್ತಿನ ಸಮುದ್ರ ಕಟ್ಟೆಗೆ ಬಡಿದು ಹನಿ ನಮ್ಮ ಮುಖದವರೆಗೂ ಬಂತು. ಬಿಳಿಯ ಕೂದಲು ಹಾರಿ ಅವಳ ಕನ್ನಡಕಕ್ಕೆ ಅಂಟಿಕೊಂಡಿತು. ತೆಗೆಯಲು ಹೋಗಲಿಲ್ಲ. ಬಹಳ ಹೊತ್ತು ನೋಡಿದಳು.

"ಇಲ್ಲಿಗೇ ಇರಬಹುದೇನು ಮೌಶಿ?"

"ಗೊತ್ತಿಲ್ಲಪಾ" ಎಂದಳು. "ಇರಲೂಬಹುದು." ಸ್ವಲ್ಪ ಹೊತ್ತಿಗೆ ನನ್ನ ಮೊಣಕೈ ಮುಟ್ಟಿದಳು. "ಇನ್ನೂ ಸ್ವಲ್ಪ ಮುಂದ ನಡಿ, ತಮ್ಮಾ."